ಒಗೆಯುವ ಕಲ್ಲು

ಜನವರಿ 9

ಕಾಲಿಗೆ ಚಕ್ರ ಕಟ್ಟಿಕೊಂಡ ತಮ್ಮನಿಗೆ, ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದು ಐದು ತಿಂಗಳಾಯಿತು. ಲಾರಿ ಓಡಿಸುವವನಿಗೆ ಸ್ಟಿಯರಿಂಗ್ ಬಿಟ್ಟು ಪೆನ್ನು ಹಿಡಿಯಲು ಪುರುಸೊತ್ತಿಲ್ಲ ಎಂದುಕೊಂಡು ನಾನೇ ಬರೆಯುತ್ತಿದ್ದೇನೆ. ನಾವೆಲ್ಲ ಕ್ಷೇಮ. ನಿನ್ನ ಭಾವನವರಿಗೆ ಮಂಡಿನೋವು, ಆದರೂ ಹಟ ಕಡಿಮೆಯಾಗಿಲ್ಲ. ಹಸು ಹೆಣ್ಣು ಕರು ಹಾಕಿದೆ. ಹಸುವಿಗೊಂದು ಕೆಟ್ಟ ಬುದ್ಧಿ. ಕೊಟ್ಟಿಗೆಗೆ ಇವರು ಅಷ್ಟು ಕಷ್ಟಪಟ್ಟು ಹಾಸಿದ ಚಪ್ಪಡಿ ಕಲ್ಲಿನ ಮೇಲೆ ಮಾತ್ರ ಮಲಗುವುದಿಲ್ಲ. ಮೂಲೆಯ ಕೆಸರಿನಲ್ಲಿ ನಿಂತೇ ಬೆಳಗು ಮಾಡುತ್ತದೆ.

ಯುದ್ಧದಲ್ಲಿ ನಮ್ಮನ್ನು ಎಬ್ಬಿಸಿ, ಅವರ ಜನ ಬಿಟ್ಟುಹೋದ ಈ ಊರಿಗೆ ತಂದು ಹಾಕಿ ಒಂಬತ್ತು ವರ್ಷ ತುಂಬಿತು. ಅಂಗಡಿಯವ ಇವತ್ತಿಗೂ ನನ್ನನ್ನು "ಹೊಸಬರು" ಎಂದೇ ಕರೆಯುತ್ತಾನೆ. ಅವನು ನಮಗಿಂತ ಎಂಟು ತಿಂಗಳು ಮೊದಲು ಬಂದವನು, ಅಷ್ಟೇ ಅವನ ಹಿರಿತನ! ಮೊನ್ನೆ ಸಣ್ಣವನ ಶಾಲೆಯಿಂದ ಒಂದು ಫಾರಂ ಬಂತು. ಅದರಲ್ಲಿ "ಸ್ವಂತ ಊರು" ಎಂದು ಒಂದು ಸಾಲು. "ಅಮ್ಮಾ, ಸ್ವಂತ ಊರು ಅಂದ್ರೆ ಈಗಿರೋದಾ, ಮೊದಲಿದ್ದದ್ದಾ?" ಎಂದು ಕೇಳಿದ. ಮೊದಲಿದ್ದದ್ದು ಎಂದೆ. "ನಾನು ಮೊದಲು ಎಲ್ಲೂ ಇರ್ಲಿಲ್ವಲ್ಲಮ್ಮ" ಎಂದ. ಫಾರಂ ಡಬ್ಬದ ಕೆಳಗೆ ಇಟ್ಟಿದ್ದೇನೆ.

ಅಡುಗೆಮನೆಯ ಬಾಗಿಲ ಚೌಕಟ್ಟಿನ ಗೀರುಗಳ ಬಗ್ಗೆ ನಿನಗೆ ಹೇಳಿದ್ದೆನೋ ಇಲ್ಲವೋ. ಮೊದಲಿದ್ದವರು ತಮ್ಮ ಮಗುವಿನ ಎತ್ತರಕ್ಕೆ ಚಾಕುವಿನಲ್ಲಿ ಎಳೆದ ನಾಲ್ಕು ಗೀರು. ಐದನೆಯದು ಇಲ್ಲ. ಮೇಣ ತುಂಬಿ ಬಣ್ಣ ಹೊಡೆಸಿದೆವು. ಬೇಸಿಗೆ ಬಂದರೆ ಸಾಕು, ಬಣ್ಣ ಬಿರಿದು ನಾಲ್ಕೂ ಎದ್ದು ಕೂರುತ್ತವೆ. ಮೇಲಿನ ಗೀರು ನನ್ನ ಸೊಂಟಕ್ಕೆ ಬರುತ್ತದೆ. ನಮ್ಮ ಮಗಳು ಗುಬ್ಬಿ ಕೊನೆಗೆ ಅಷ್ಟೇ ಇದ್ದಳು. ಸಂಜೆ ಒಲೆಯ ಮುಂದೆ ಕೂತಾಗ ಆ ಬಾಗಿಲಲ್ಲಿ ಯಾರೋ ನಿಂತ ಹಾಗಾಗುತ್ತದೆ. ನಮ್ಮವಳೋ ಅವರವಳೋ ತಿಳಿಯುವುದಿಲ್ಲ.

ಈಗ ಮುಖ್ಯ ವಿಷಯ. ಹಳೆಯ ಊರಿನ ರಸ್ತೆ ಲಾರಿಗಳಿಗೆ ತೆರೆದಿದೆಯಂತೆ. ಗುಬ್ಬಿ ಜ್ವರದಲ್ಲಿ ಹೋದಾಗ ನೀನು ಸೈನ್ಯದ ಲಾರಿಯಲ್ಲಿದ್ದೆ, ನೋಡಲಿಲ್ಲ. ಸೇತುವೆಯ ಆಚೆ ಡಾಕ್ಟರು, ಈಚೆ ನಾವು, ನಡುವೆ ಅವರ ಬಂದೂಕು. ನಮ್ಮವರಲ್ಲಿ ಸತ್ತವರ ಮೇಲೆ ಕಲ್ಲು ಇಡುವುದಿಲ್ಲವಲ್ಲ, ಅವರಿಗೆ ಭಾರ ಎಂದು. ಬಾವಿಯ ಹಿಂದೆ ಅವಳ ಮೇಲೆ ನಾನೇ ಗಿಡ ನೆಟ್ಟು ಹನ್ನೆರಡು ದಿನ ನೀರು ಹಾಕಿದೆ. ಹದಿಮೂರನೆಯ ದಿನ ನಮ್ಮನ್ನು ಬಸ್ಸಿಗೆ ಹತ್ತಿಸಿದರು. ಅದು ಬದುಕಿದೆಯಾ ಎಂದು ನೋಡಿ ಬರೆಯಪ್ಪ. ಬೇರೇನೂ ಬೇಡ.

ನಿನ್ನ ಅಕ್ಕ


ಫೆಬ್ರವರಿ 2

ಅಕ್ಕಾ,

ಬೈಗುಳಕ್ಕೆ ತಲೆಬಾಗಿ ನಮಸ್ಕಾರ. ಹೋಗಿ ಬಂದೆ. ಸಿಮೆಂಟ್ ಇಳಿಸಿ ಬರುವಾಗ ಲಾರಿಯನ್ನು ಗಿರಣಿಯ ತಿರುವಿನಲ್ಲಿ ನಿಲ್ಲಿಸಿ ನಡೆದೆ. ನಮ್ಮ ಮನೆಯ ಒಳಗೆ ಹೋಗಲಿಲ್ಲ, ಅಲ್ಲಿ ಬೇರೆ ಜನ ಇದ್ದಾರೆ. ಬಾವಿ ಇದೆ. ಮರ ಚೆನ್ನಾಗಿದೆ ಅಕ್ಕ. ನನಗಿಂತ ಎತ್ತರ ಬೆಳೆದಿದೆ. ಬಿಳಿ ಹೂ ಬಿಟ್ಟು ಕೆಳಗೆಲ್ಲ ಉದುರಿತ್ತು. ಇನ್ನು ನೀನು ನಿಶ್ಚಿಂತೆಯಾಗಿರು.

ಇನ್ನೊಂದು ಮಾತು. ನಿಮ್ಮ ಹೊಲದ ಪಶ್ಚಿಮದ ಬದುವಿನ ಪಕ್ಕ ನೆಲಕ್ಕೆ ಸಮವಾಗಿ ಏಳು ಚಪ್ಪಡಿ ಕಲ್ಲುಗಳ ಸಾಲು ಇದೆಯಾ? ಇದ್ದ ಹಾಗೆಯೇ ಇವೆಯಾ? ಇಲ್ಲಿ ಒಬ್ಬರು ಕೇಳುತ್ತಿದ್ದರು. ಅವಸರವಿಲ್ಲ, ಆದರೆ ಬೇಗ ಬರೆ.

ನಿನ್ನ ತಮ್ಮ


ಫೆಬ್ರವರಿ 20

ತಮ್ಮಾ,

ಮರದ ವಿಷಯ ಓದಿದೆ. ನಾಲ್ಕು ಸಲ ಓದಿದೆ. ಬಿಳಿ ಹೂ ಎಂದು ಬರೆದಿದ್ದೀಯ. ಸರಿ. ವಾಸನೆ ಹೇಗಿತ್ತು? ಅದನ್ನೂ ಬರೆಯಬೇಕಿತ್ತು ನೀನು. ಮುಂದಿನ ಸಲ ಮರೆಯಬೇಡ.

ಆ ಕಲ್ಲಿನ ಸಮಾಚಾರ ಕೇಳಿದ್ದು ಯಾರು? ಮೊದಲಿದ್ದವರ ಕಡೆಯವರಾ? ಮೇಲಿನ ಕೇರಿಯಲ್ಲಿ ಹೋದ ವರ್ಷ ಹೀಗೆಯೇ ಒಬ್ಬರು "ಸುಮ್ನೆ ನೋಡೋಕ್ ಬಂದ್ವಿ" ಎಂದು ಬಂದು, ಆಮೇಲೆ ವಕೀಲರನ್ನು ಕರೆತಂದರು. ಮನೆ ಕೊಡುವಾಗ ನಾವು ಕಾಗದಕ್ಕೆ ಸಹಿ ಹಾಕಿದ್ದೇವೆ, ಇಲ್ಲಿದ್ದ ಯಾವುದನ್ನೂ ಕೆಡವುವುದಿಲ್ಲ ಎಂದು. ಕೇಳಿದವರಿಗೆ ಹೇಳು: ಕಲ್ಲುಗಳು ಇದ್ದ ಜಾಗದಲ್ಲಿ ಇದ್ದ ಹಾಗೆಯೇ ಇವೆ, ಯಾರೂ ಮುಟ್ಟಿಲ್ಲ ಎಂದು. ಎರಡನೇ ಸಲ ಕೇಳುವುದು ಬೇಡ.

ಅಕ್ಕ


ಮಾರ್ಚ್ 15

ಅಕ್ಕಾ,

ಈ ಕಾಗದವನ್ನು ಕೂತುಕೊಂಡು ಓದು. ಭಾವನವರ ಮುಂದೆ ಓದಬೇಡ.

ನನಗೆ ಮದುವೆಯಾಗಿದೆ. ನಾಲ್ಕು ತಿಂಗಳಾಯಿತು, ರಿಜಿಸ್ಟರ್ ಆಫೀಸಿನಲ್ಲಿ. ಹುಡುಗಿ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅವಳು ಅವರವಳು. ಅದಕ್ಕೇ ಹೇಳಲು ಬಾಯಿ ಬರಲಿಲ್ಲ. ಅವಳ ತಾಯಿ, ಅಂದರೆ ನನ್ನ ಅತ್ತೆ, ನಮ್ಮ ಜೊತೆಗೇ ಇದ್ದಾರೆ. ನಿನ್ನ ಜನವರಿಯ ಕಾಗದವನ್ನು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಬಾಗಿಲಿನ ಗೀರುಗಳ ಸಾಲು ಬಂದಾಗ ಅತ್ತೆ ತಟ್ಟೆ ಕೆಳಗಿಟ್ಟರು. "ಅಡುಗೆಮನೆ ಬಾಗ್ಲಾ? ಎಡಗಡೆ ಚೌಕಟ್ಟಾ?" ಎಂದರು. ಆಮೇಲೆ ಊರಿನ ಹೆಸರು ಕೇಳಿದರು. ಹೇಳಿದೆ. ಆವತ್ತು ಅವರು ಮತ್ತೆ ಊಟ ಮಾಡಲಿಲ್ಲ.

ನೀನಿರುವುದು ಅವರ ಮನೆ ಅಕ್ಕ.

ಅವರಿಗೆ ಆ ಮನೆ ಬೇಡ, ಹೊಲವೂ ಬೇಡ. ವಕೀಲರೂ ಇಲ್ಲ. ಆ ಏಳು ಕಲ್ಲುಗಳು ಅವರ ಮನೆಯ ಸತ್ತವರದು. ಅವರಲ್ಲಿ ಕಲ್ಲಿನ ಮೇಲೆ ಹೆಸರು ಬರೆಯುವುದಿಲ್ಲ, ನಿಲ್ಲಿಸುವುದೂ ಇಲ್ಲ. ನೆಲಕ್ಕೆ ಸಮವಾಗಿ ಮಲಗಿಸುತ್ತಾರೆ. ಎಲ್ಲಕ್ಕಿಂತ ಚಿಕ್ಕದು ಅವರ ಮೊದಲ ಮಗಳದು, ನನ್ನ ಹೆಂಡತಿಗಿಂತ ದೊಡ್ಡವಳು. ನಾಲ್ಕು ವರ್ಷಕ್ಕೆ ಹೋದಳಂತೆ. ನಾಲ್ಕು ಗೀರು ಅವಳವೇ.

ನೀನು ಬರೆದದ್ದನ್ನು ಓದಿ ಹೇಳಿದೆ, ಇದ್ದ ಹಾಗೆಯೇ ಇವೆ, ಯಾರೂ ಮುಟ್ಟಿಲ್ಲ ಎಂದು. ಅತ್ತೆ ಕಾಗದವನ್ನು ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡರು. ಓದಲಿಕ್ಕಲ್ಲ, ಅವರ ಕಣ್ಣು ಮುಕ್ಕಾಲು ಹೋಗಿದೆ. ಪೂರ್ತಿ ಹೋಗುವ ಮೊದಲು ಮೇ ತಿಂಗಳಲ್ಲಿ ಒಂದು ಸಲ ಬಂದು ಕೂತು ಹೋಗುತ್ತಾರಂತೆ. ನೀನು ಹೂಂ ಎನ್ನಬೇಕು.

ಸೇತುವೆ ಮುಚ್ಚಿದವರು ಬೇರೆ ಅಕ್ಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡ.

ಮರದ ವಾಸನೆ ಹೇಗಿತ್ತೆಂದು ಕೇಳಿದ್ದೀಯ. ತುಂಬಾ ಸುವಾಸನೆ. ರಸ್ತೆಯವರೆಗೂ ಬರುತ್ತಿತ್ತು.

ನಿನ್ನ ತಮ್ಮ


ಏಪ್ರಿಲ್ 10

ಅಕ್ಕಾ,

ನಿನ್ನಿಂದ ಕಾಗದವಿಲ್ಲ. ಬೈದಾದರೂ ಬರೆ. ಅತ್ತೆ ದಿನಾ ಅಂಚೆಯವನ ಸೈಕಲ್ಲಿನ ಸದ್ದಿಗೆ ಎದ್ದು ಬಾಗಿಲಿಗೆ ಬರುತ್ತಾರೆ. ನನಗೆ ಅವರ ಮುಖ ನೋಡಲಾಗುತ್ತಿಲ್ಲ.

ತಮ್ಮ


ಏಪ್ರಿಲ್ 22

ತಮ್ಮಾ,

ಅವರವಳನ್ನು ಕಟ್ಟಿಕೊಂಡು ನಾಲ್ಕು ತಿಂಗಳು ಬಾಯಿ ಹೊಲಿದುಕೊಂಡು ಕೂತೆ. ಒಡಹುಟ್ಟಿದವಳಿಗೆ ಊಟದ ಹೊತ್ತಿನ ಓದಿನಲ್ಲಿ ಒಂದು ಜಾಗ, ಅಷ್ಟೇ. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದರು ಎಂದು ಬರೆಯಲು ಹೊರಟೆ. ಅಪ್ಪ ಏನೆನ್ನುತ್ತಿದ್ದರೋ ನನಗೆ ಮರೆತೇ ಹೋಗಿದೆ. ನಮ್ಮ ಅರವತ್ತು ಮನೆಗಳನ್ನು ಮೂರು ಕಡೆ ಹಂಚಿ ಎಸೆದ ಮೇಲೆ, ಯಾವುದು ಸರಿ ಯಾವುದು ತಪ್ಪು ಎಂದು ಕೇಳಲು ಈ ಊರಿನಲ್ಲಿ ನಮ್ಮ ಒಬ್ಬ ಹಿರಿಯರೂ ಇಲ್ಲ.

ಬರಲಿ. ಮುದುಕಿ ಬರುತ್ತೇನೆಂದರೆ ಬಾಗಿಲು ಹಾಕಿಕೊಳ್ಳುವಷ್ಟು ಕೆಟ್ಟವಳಲ್ಲ ನಾನು.

ಅಲ್ಲಿ ಹುಲ್ಲು ಬೆಳೆದಿದೆ, ಸ್ವಲ್ಪ ಶುಚಿ ಮಾಡಿಸಬೇಕು. ಅದಕ್ಕೇ ಕೇಳುತ್ತೇನೆ, ಬೇರೇನಕ್ಕೂ ಅಲ್ಲ. ಸಾಲಿನಲ್ಲಿ ಯಾರ ಪಕ್ಕ ಯಾರು? ಚಿಕ್ಕದು ಯಾವ ತುದಿಗೆ? ತಲೆಯ ಕಡೆ, ಕಾಲಿನ ಕಡೆ ಎಂದು ಏನಾದರೂ ಇದೆಯಾ? ಅವರಿಗೆ ಎಷ್ಟು ಕಾಣಿಸುತ್ತದೆ? ವಿವರವಾಗಿ ಕೇಳಿ ಬರೆ.

ಅಕ್ಕ


ಮೇ 2

ಅಕ್ಕಾ,

ನೀನು "ಬರಲಿ" ಎಂದದ್ದೇ ಸಾಕು. ಹದಿನೆಂಟನೇ ತಾರೀಕು ಮಧ್ಯಾಹ್ನದ ಬಸ್ಸಿಗೆ ಅತ್ತೆಯೂ ಇವಳೂ ಬರುತ್ತಾರೆ. ನನಗೆ ರಜೆ ಸಿಗಲಿಲ್ಲ. ಅತ್ತೆ ಖಾರ ತಿನ್ನುವುದಿಲ್ಲ, ಉಳಿದಂತೆ ಉಪದ್ರವವಿಲ್ಲದ ಜೀವ.

ಕಲ್ಲುಗಳ ಬಗ್ಗೆ ಅಷ್ಟೆಲ್ಲ ಯಾಕೆ ಚಿಂತೆ ಮಾಡುತ್ತೀಯ? ಇದ್ದಲ್ಲೇ ಇವೆಯಲ್ಲ. ಅತ್ತೆಗೂ ನಾನು ಕೇಳಲಿಲ್ಲ, ಕೇಳಿದರೆ ಅನುಮಾನ ಬಂದು ಅಳುತ್ತಾರೆ. ಕೈಯಲ್ಲಿ ಸವರಿ ಗುರುತು ಹಿಡಿಯುತ್ತಾರೆ ಬಿಡು.

ತಮ್ಮ


ಮೇ 12

ತಮ್ಮಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನಾವು ಬಂದ ಮೊದಲ ವರ್ಷವೇ ಆ ಕಲ್ಲುಗಳನ್ನು ಕಿತ್ತೆವು. ನೇಗಿಲಿಗೆ ಅಡ್ಡ ಬರುತ್ತಿದ್ದವು. ಸತ್ತವರಿರುವ ಜಾಗ ಅಂದರೆ ಮರ ಇರಬೇಕು, ನಮಗೆ ಗೊತ್ತಿದ್ದದ್ದು ಅಷ್ಟೇ. ಅಲ್ಲಿ ಒಂದು ಪೊದೆಯೂ ಇರಲಿಲ್ಲ. ಹಳೆಯ ಕಣದ ಹಾಸು ಇರಬೇಕೆಂದು ಇವರು ಎತ್ತು ಕಟ್ಟಿ ಎಳೆದು ತಂದರು. ಎಂಥ ಒಳ್ಳೆಯ ಕಲ್ಲು ಸಿಕ್ಕಿತು ಎಂದು ನಾನು ಹಿಗ್ಗಿದೆ ಮಾರಾಯ. ಐದನ್ನು ಕೊಟ್ಟಿಗೆಗೆ ಹಾಸಿದೆವು. ಒಂದು ಹೊಸ್ತಿಲ ಮುಂದಿನ ಮೆಟ್ಟಿಲಾಯಿತು. ಚಿಕ್ಕದನ್ನು ನಾನೇ ಆರಿಸಿಕೊಂಡೆ, ಒಗೆಯುವ ಕಲ್ಲಿಗೆ. ನುಣುಪಾಗಿತ್ತು. ಒಂದು ತುದಿಯಲ್ಲಿ ಅಂಗೈಯಗಲದ ಗುಂಡಿ ಇತ್ತು, ಸೋಪು ಇಡಲು ಹೇಳಿ ಮಾಡಿಸಿದ ಹಾಗೆ. ಒಂಬತ್ತು ವರ್ಷ ಸಣ್ಣವನ ಹಾಸಿಗೆ ಬಟ್ಟೆಯಿಂದ ಹಿಡಿದು ಎಲ್ಲವನ್ನೂ ಅದರ ಮೇಲೆ ಬಡಿದಿದ್ದೇನೆ.

ಆ ಜಾಗದಲ್ಲಿ ಜೋಳ ಉಳಿದ ಕಡೆಗಿಂತ ಒಂದು ಗೇಣು ಎತ್ತರ ಬರುತ್ತಿತ್ತು. ಮಣ್ಣು ಚೆನ್ನಾಗಿದೆ ಎಂದುಕೊಂಡು ತಿಂದೆವು. ಹಸುವಿಗೆ ಗೊತ್ತಿದ್ದದ್ದು ನನಗೆ ಗೊತ್ತಾಗಲಿಲ್ಲ ನೋಡು.

ಮಾರ್ಚ್‌ನಲ್ಲಿ ನಿನ್ನ ಕಾಗದ ಬಂದ ದಿನ ನಾನು ಆ ಕಲ್ಲಿನ ಮುಂದೆಯೇ ಕೂತಿದ್ದೆ. ಒದ್ದೆ ಕೈಯಲ್ಲಿ ಒಡೆದು ಓದಿದೆ. ನೀನು ಏನೂ ತಿಳಿಯದೆ ಕೇಳಿದಾಗಲೇ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡಿದ್ದೆ. ಮನೆ ಹೋಗುತ್ತದೆಂಬ ಭಯಕ್ಕೆ ಸುಳ್ಳು ಹೇಳಿದೆ. ಆ ಸುಳ್ಳನ್ನು ಒಬ್ಬ ತಾಯಿ ಕಣ್ಣಿಗೆ ಒತ್ತಿಕೊಂಡಳಲ್ಲ. ಇನ್ನು ಯಾವ ಬಾಯಲ್ಲಿ ನಿಜ ಹೇಳಲಿ?

ಇವರಿಗೆ ಹೇಳಿದೆ. ನೇರ ಹೋಗಿ ಹಾರೆ ತಂದರು. ಹನ್ನೊಂದು ದಿನದಲ್ಲಿ ಏಳನ್ನೂ ಎಬ್ಬಿಸಿ, ಬೂದಿ ಹಾಕಿ ಉಜ್ಜಿ ತೊಳೆದು, ಬದುವಿನ ಪಕ್ಕ ಸಾಲಾಗಿ ಇಟ್ಟೆವು. ಯಾರ ಜಾಗ ಎಲ್ಲಿತ್ತೋ ಯಾರಿಗೆ ಗೊತ್ತು? ಬೆಳೆದ ಪೈರನ್ನು ಕಿತ್ತು ಅಂದಾಜಿನ ಮೇಲೆ ಇಟ್ಟೆವು, ದೊಡ್ಡದು ಮೊದಲು, ಚಿಕ್ಕದು ಕೊನೆಗೆ. ಗುಂಡಿಯಿರುವ ತುದಿ ಕಾಲಿನ ಕಡೆ ಇರಬೇಕೆಂದು ಇವರು. ಇರಬಹುದೆಂದು ನಾನು. ಮೊದಲಿನಿಂದಲೂ ಅಲ್ಲೇ ಇದ್ದಂತೆ ಕಾಣಲೆಂದು ಹುಲ್ಲನ್ನೂ ತಂದು ಸುತ್ತ ಒತ್ತಿದ್ದೇನೆ.


ಮೇ 24

ತಮ್ಮಾ,

ಬಂದರು, ಎರಡು ದಿನ ಇದ್ದರು, ಸುಖವಾಗಿ ಬಸ್ಸು ಹತ್ತಿದರು. ನಿನ್ನ ಹೆಂಡತಿ ಒಳ್ಳೆಯವಳು. ಬಂದ ಗಳಿಗೆಯಲ್ಲೇ ಸೆರಗು ಸಿಕ್ಕಿಸಿ ಪಾತ್ರೆ ತೊಳೆಯಲು ಕೂತಳು. "ನೀವು ಕೂತ್ಕೊಳಿ ಅಕ್ಕ, ನಿಮ್ಮ ತಮ್ಮ ಉಂಡ ತಟ್ಟೆ ತೊಳೆದು ತೊಳೆದು ನಂಗೆ ಅಭ್ಯಾಸ ಆಗಿದೆ" ಎಂದಳು. ಮುಖ ಬಿಗಿದುಕೊಂಡಿರಬೇಕೆಂದು ಎಷ್ಟು ನಿರ್ಧಾರ ಮಾಡಿದ್ದೆ, ನಗು ಬಂದುಬಿಟ್ಟಿತು.

ಮುದುಕಿ ಮನೆಯೊಳಗೆ ಯಾರ ಕೈಯನ್ನೂ ಹಿಡಿಯಲಿಲ್ಲ. ಹನ್ನೆರಡು ಹೆಜ್ಜೆಗೆ ಅಡುಗೆಮನೆ, ತಲೆ ತಗ್ಗಿಸಬೇಕಾದಲ್ಲಿ ತಗ್ಗಿಸಿದರು. ನಾನು ಒಂಬತ್ತು ವರ್ಷವಾದರೂ ಅಲ್ಲಿ ಹಣೆ ಬಡಿಸಿಕೊಳ್ಳುತ್ತೇನೆ. ನನ್ನ ಮನೆಯಲ್ಲಿ ನಾನೇ ನೆಂಟಳಂತೆ ಹಿಂದೆ ಹಿಂದೆ ನಡೆದೆ. ಚೌಕಟ್ಟಿನ ಗೀರುಗಳನ್ನು ಬೆರಳಲ್ಲಿ ಮುಟ್ಟಿ ಮೇಲಿನದರ ಮೇಲೆ ಕೈ ನಿಲ್ಲಿಸಿ, "ಇಷ್ಟೇ ಇದ್ಳು" ಎಂದರು. "ನಮ್ಮವಳೂ ಅಷ್ಟೇ ಇದ್ಳು" ಎಂದೆ. ನಾನು ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಿತ್ತು. ಅವರು ತಿರುಗಿ, ಕಾಣದ ಕಣ್ಣಿನಲ್ಲಿ ತುಂಬಾ ಹೊತ್ತು ನನ್ನನ್ನೇ ನೋಡಿದರು.

ಸಂಜೆ ಹೊಲಕ್ಕೆ ಕರೆದುಕೊಂಡು ಹೋದೆವು. ಒಂದೊಂದೇ ಕಲ್ಲಿನ ಮೇಲೆ ಅಂಗೈ ಇಟ್ಟು ಏಳನ್ನೂ ಎಣಿಸಿದರು. ಚಿಕ್ಕದರ ಹತ್ತಿರ ಕೂತವರು ಕತ್ತಲಾಗುವವರೆಗೆ ಏಳಲಿಲ್ಲ. ಎದ್ದಾಗ ನನ್ನ ಕೈ ಹಿಡಿದುಕೊಂಡು, "ಎಲ್ಲ ಚೆನ್ನಾಗಿಟ್ಟಿದ್ದೀಯಮ್ಮ" ಎಂದರು. ಅಷ್ಟೇ.

ಅವರ ಮನಸ್ಸು ತಂಪಾಯಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸಂತೆ. ಯಾಕೆ ಹೀಗೆ ಬರೆದೆನೋ, ಅದನ್ನು ಬಿಡು. ನಿನ್ನ ಭಾವನವರು ಹೊಸ ಒಗೆಯುವ ಕಲ್ಲು ತರುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಒಗೆತ ಹಲಗೆಯ ಮೇಲೆ ನಡೆಯುತ್ತಿದೆ.

ಅಕ್ಕ


ಜೂನ್ 20

ಅಕ್ಕಾ,

ಅತ್ತೆ ಹೋದರು. ಐದನೇ ತಾರೀಕು. ಊರಿಂದ ಬಂದ ಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ನೋವಿರಲಿಲ್ಲ. ಇಲ್ಲಿ ಊರ ಹೊರಗಿನ ಸಾರ್ವಜನಿಕ ಜಾಗದಲ್ಲಿ ಮಣ್ಣು ಮಾಡಿದೆವು. ನಂಬರ್ ಬರೆದ ಒಂದು ತಗಡು ನೆಟ್ಟಿದ್ದಾರೆ. ಅಲ್ಲಿ ಕಲ್ಲಿಗೂ ಅನುಮತಿಯಿಲ್ಲ, ಗಿಡಕ್ಕೂ ಇಲ್ಲ.

ಎಲ್ಲ ಮುಗಿದ ಮೇಲೆ ಇವಳು ಒಂದು ಮಾತು ಹೇಳಿದಳು. ಇಷ್ಟು ದಿನ ತಾಯಿಗೆ ಕೊಟ್ಟ ಮಾತಿಗೆ ಸುಮ್ಮನಿದ್ದಳಂತೆ. ಬಸ್ಸಿನಲ್ಲಿ ಬರುವಾಗ ಅತ್ತೆ ಹೇಳಿದರಂತೆ: "ಕಲ್ಲು ಕಿತ್ತು ಮತ್ತೆ ಇಟ್ಟಿದಾರೆ ಕಣೇ. ತಲೆ ಕಡೆ ಕಾಲು ಮಾಡಿದಾರೆ. ಮಗಳ ಕಲ್ಲಲ್ಲಿ ಹಕ್ಕಿಗೆ ನೀರು ಹಾಕೋ ಗುಂಡಿ ಇತ್ತಲ್ಲ, ಅದು ತಲೆ ಹತ್ರ ಇರ್ಬೇಕಿತ್ತು. ಬಗ್ಗಿ ಮೂಸಿದೆ. ಸೋಪಿನ ವಾಸನೆ ಬಂತು."

ಇವಳಿಗೆ ಸಿಟ್ಟು ಬಂತಂತೆ. ತಿರುಗಿ ಹೋಗಿ ಕೇಳೋಣ ಎಂದಳಂತೆ. ಅದಕ್ಕೆ ಅತ್ತೆ, "ಬೇಡ. ನಾನಲ್ಲೇ ಇದ್ದಿದ್ರೆ ವಾರಕ್ಕೊಂದ್ಸಲ ಹೋಗ್ತಿದ್ದೆನೋ ಇಲ್ವೋ. ಅವಳು ದಿನಾ ಮುಟ್ಟಿದಾಳೆ. ಮಗು ಕಳಕೊಂಡ ಕೈ ಅದು. ನನ್ನ ಮಗಳು ಒಂಬತ್ತು ವರ್ಷ ಒಬ್ಬಳೇ ಇರ್ಲಿಲ್ಲ ಬಿಡು" ಎಂದರಂತೆ.

ಅಕ್ಕ, ನಿಜವಾ? ನನಗಾದರೂ ಹೇಳಬಹುದಿತ್ತು. ನೀನು ಕೇಳಿದ್ದನ್ನು ನಾನು ಸರಿಯಾಗಿ ಓದಿಕೊಳ್ಳಲಿಲ್ಲ, ಅದು ನನ್ನ ತಪ್ಪು. ಆದರೆ ನನಗೂ ನಿನಗೂ ನಡುವೆ ಸುಳ್ಳು ಯಾವತ್ತಿನಿಂದ ಬಂತು?

ತಮ್ಮ


ಜುಲೈ 3

ತಮ್ಮಾ,

ನಿಜ. ಮೇ ಹನ್ನೆರಡರಂದು ಬರೆದು ಅಂಚೆಗೆ ಹಾಕದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ, ಓದಿಕೋ. ನಿನ್ನ ಹೆಂಡತಿಗೂ ಓದಿ ಹೇಳು. ಅವಳು ಬೈದರೆ ಬೈಯಲಿ. ಅವಳಿಗೆ ಆ ಹಕ್ಕಿದೆ.

ನಿನ್ನ ಕಾಗದ ಬಂದ ದಿನವೇ ಇವರೂ ನಾನೂ ಹೋಗಿ ಕಲ್ಲುಗಳನ್ನು ತಿರುಗಿಸಿ ಇಟ್ಟೆವು. ಚಿಕ್ಕದರ ಗುಂಡಿ ಈಗ ತಲೆಯ ಕಡೆ ಇದೆ. ದಿನಾ ಬೆಳಿಗ್ಗೆ ನೀರು ತುಂಬುತ್ತೇನೆ. ಮೊದಲ ವಾರ ನೀರಿನ ಮೇಲೆ ಸಣ್ಣಗೆ ನೊರೆ ಬರುತ್ತಿತ್ತು, ಹಕ್ಕಿಗಳು ಮುಟ್ಟಲಿಲ್ಲ. ಈಗ ಬರುತ್ತಿವೆ. ಒಂದು ದೊಡ್ಡ ಚಪ್ಪಡಿಯನ್ನೂ ಇವರು ಹುಡುಕಿ ತಂದಿದ್ದಾರೆ. ನಿನ್ನ ಅತ್ತೆಗೆಂದು ಎಂಟನೆಯ ಕಲ್ಲಿಡಲು ಜಾಗ ಬಿಟ್ಟಿದ್ದೇವೆ. ನಿನ್ನ ಹೆಂಡತಿ ಬಂದು ತಾನೇ ಇಡಲಿ. ನಾವು ಇಟ್ಟರೆ ಮತ್ತೆ ಏನು ತಪ್ಪು ಮಾಡುತ್ತೇವೋ.

ಒಗೆಯಲು ಕೂತಾಗ ಕೈ ಇವತ್ತಿಗೂ ಸೋಪಿಗೆ ಆ ಗುಂಡಿಯನ್ನೇ ಹುಡುಕುತ್ತದೆ. ಬಾಗಿಲಲ್ಲಿ ನಿಲ್ಲುವವಳು ಈಗಲೂ ನಿಲ್ಲುತ್ತಾಳೆ. ಹೋಗು ಎನ್ನಲು ಮನಸ್ಸು ಬರುವುದಿಲ್ಲ. ಸಣ್ಣವನ ಫಾರಂ ಅವನೇ ಡಬ್ಬದ ಕೆಳಗಿನಿಂದ ತೆಗೆದು ತುಂಬಿಸಿ ಕೊಟ್ಟನಂತೆ. ಸ್ವಂತ ಊರು ಎಂಬಲ್ಲಿ ಈ ಊರಿನ ಹೆಸರು ಬರೆದನಂತೆ. ಸರಿಯಾಯಿತೋ ತಪ್ಪಾಯಿತೋ, ನಾನು ಬೈಯಲಿಲ್ಲ.

ಸುಳ್ಳು ಯಾವತ್ತಿನಿಂದ ಬಂತು ಎಂದು ಕೇಳಿದ್ದೀಯ. ಫೆಬ್ರವರಿ ಎರಡರಿಂದ ತಮ್ಮ. ಗುಬ್ಬಿಯ ಮೇಲೆ ನಾನು ನೆಟ್ಟದ್ದು ಅಂಜೂರದ ಗಿಡ. ನೀನಿರಲಿಲ್ಲ, ನಿನಗೆ ಗೊತ್ತಿಲ್ಲ. ಅಂಜೂರ ಹಣ್ಣನ್ನೇ ಬಿಡುತ್ತದೆ, ಅದರ ಹೂವನ್ನು ಹೊರಗೆ ಕಂಡವರು ಯಾರೂ ಇಲ್ಲ. ಬಿಳಿ ಹೂ ಉದುರಿತ್ತು ಎಂದು ಓದಿದ ಗಳಿಗೆಯಲ್ಲೇ ಅಲ್ಲಿ ಏನೂ ಉಳಿದಿಲ್ಲ ಎಂದು ತಿಳಿಯಿತು. ಗೋಡೆಗೆ ಒರಗಿ ಅತ್ತುಬಿಟ್ಟೆ. ಆಮೇಲೆ ವಾಸನೆ ಹೇಗಿತ್ತು ಎಂದು ನಿನ್ನನ್ನೇ ಕೇಳಿದೆ. ಪರೀಕ್ಷೆ ಮಾಡಲಿಕ್ಕಲ್ಲ. ಇನ್ನೊಂದು ಕಾಗದ ಪೂರ್ತಿ ಅದು ಬದುಕಿರಲಿ ಎಂದು. ನಿನ್ನ ಅತ್ತೆ ನನ್ನ ಕಾಗದವನ್ನು ಕಣ್ಣಿಗೆ ಒತ್ತಿಕೊಂಡರೆಂದು ಬರೆದಿದ್ದೆಯಲ್ಲ. ನಾನು ನಿನ್ನದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.

ನಿನ್ನ ಮೇಲೆ ಸಿಟ್ಟಿಲ್ಲ. ಬುಡವಾದರೂ ಇತ್ತಾ ಎಂದು ಕೇಳುವುದಿಲ್ಲ, ನೀನೂ ಹೇಳಬೇಡ. ಆ ಕಡೆ ಲಾರಿ ಹೋದಾಗ ತಿರುವಿನಲ್ಲಿ ನಿಲ್ಲಿಸಿ, ಬಾವಿಯವರೆಗೆ ನಡೆದು ಹೋಗಿ ಬಂದು ನನಗೆ ಬರೆ. ಹೂವಿನ ಸಮಾಚಾರ ಬೇಡ. ಈ ವರ್ಷ ಹಣ್ಣು ಬಿಟ್ಟಿದೆ ಎಂದು ಬರೆ.

ನಿನ್ನ ಅಕ್ಕ